ಅಡೆರ್ಬಾಲನ ಪೂರ್ತಿ ಭಾರ

ಮನಾಉಸ್ ನದಿಬಂದರಿನ ಮೀನುಪೇಟೆಯಲ್ಲಿ ಜರಾಕಿ ಮೀನು ಕೊಂಡವರು ಮನೆಗೆ ಹೋಗುವ ಮುಂಚೆ ಲಿಂಡಾಲ್ವಾಳ ಹಲಗೆಯ ಮುಂದೆ ಸಾಲು ನಿಲ್ಲುತ್ತಾರೆ. ಆ ಮೀನಿನ ಮೈತುಂಬ ಕೂದಲಿನಂಥ ಮುಳ್ಳು. ಚಾಕುವಿನಿಂದ ಒತ್ತೊತ್ತಾಗಿ, ಒಂದರ ಪಕ್ಕ ಒಂದು ಗೀರು ಹಾಕಿದರೆ ಮುಳ್ಳೆಲ್ಲ ಚೂರಾಗಿ, ಹುರಿದಾಗ ಇದ್ದದ್ದೇ ತಿಳಿಯುವುದಿಲ್ಲ. ಒಂದು ಗೀರು ತಪ್ಪಿತೋ, ಯಾರದೋ ಮಗುವಿನ ಗಂಟಲಿಗೆ ಬಂತು. ಇಪ್ಪತ್ತೆರಡು ವರ್ಷದಿಂದ ಅವಳ ಕೈಯಲ್ಲಿ ಒಂದು ಗೀರೂ ತಪ್ಪಿಲ್ಲ. ವಯಸ್ಸು ನಲವತ್ತೊಂದು, ತೂಕ ಐವತ್ತಮೂರು ಕಿಲೊ, ಅದರಲ್ಲಿ ನಾಲಿಗೆಯದ್ದೇ ಹತ್ತು ಕಿಲೊ ಇರಬೇಕು ಅಂತ ಅಕ್ಕಪಕ್ಕದ ಹಲಗೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳುವುದು ಅವಳ ಬೆನ್ನ ಹಿಂದೆ ಮಾತ್ರ.

ಮಧ್ಯಾಹ್ನ ಹಲಗೆ ತೊಳೆದು, ಕೈಗೆ ನಿಂಬೆಹಣ್ಣು ತಿಕ್ಕಿಕೊಂಡು ಮನೆಗೆ ಹೋದವಳು, ಸಂಜೆ ಆರಕ್ಕೆ ಸರಿಯಾಗಿ ಎಡುಕಾಂಡೋಸ್ ಕೇರಿಯ ಟಯರ್ ಪಂಕ್ಚರ್ ಅಂಗಡಿಯ ಮೆಟ್ಟಿಲು ಹತ್ತುತ್ತಾಳೆ. ಮೇಲೆ ತಗಡಿನ ಸೂರು, ಎರಡು ಫ್ಯಾನು, ಗೋಡೆಯಿಂದ ಗೋಡೆಗೆ ಹಾಸಿದ ನೀಲಿ ಚಾಪೆ. ಅದು ಮೇಷ್ಟ್ರು ಓಸ್ಮಾರಿನೊ ಅವರ ಜಿಯು-ಜಿತ್ಸು ಶಾಲೆ. ಹದಿನಾರು ವರ್ಷದಿಂದ ಲಿಂಡಾಲ್ವಾ ಅಲ್ಲಿ ಬೆವರು ಸುರಿಸಿದ್ದಾಳೆ. ಬಿಳಿ, ನೀಲಿ, ನೇರಳೆ ಪಟ್ಟಿಗಳನ್ನು ದಾಟಿ ಈಗ ಸೊಂಟಕ್ಕೆ ಕಂದು ಪಟ್ಟಿ. ಉಳಿದದ್ದು ಕಪ್ಪೊಂದೇ. ವಾರಕ್ಕೆ ಮೂರು ಸಂಜೆ ಹದಿನಾಲ್ಕು ಹೆಂಗಸರಿಗೆ ಅವಳೇ ಪಾಠ ಹೇಳುತ್ತಿದ್ದಳು.

ಈ ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಸೋಲಲ್ಲ, ಅಲ್ಲಿಂದಲೇ ಆಟ ಶುರು. ಇನ್ನು ಆಗುವುದಿಲ್ಲ ಅನ್ನಿಸಿದವರು ಕೈಯಿಂದ ಎರಡು ಸಲ ತಟ್ಟುತ್ತಾರೆ. ತಟ್ಟಿದ ಕೂಡಲೇ ಮೇಲಿದ್ದವರು ಬಿಟ್ಟುಬಿಡಬೇಕು. ಐವತ್ತಮೂರು ಕಿಲೊದವಳಿಗೆ ಮೇಲೆ ಕೂರುವ ಭಾಗ್ಯ ಎಲ್ಲಿಂದ ಬರಬೇಕು ಹೇಳಿ? ಬಂದ ಮೊದಲ ದಿನವೇ ಮೇಷ್ಟ್ರು ಹೇಳಿದ್ದರು: "ನೀನಿರೋದೇ ಕೆಳಗೆ ಕಣಮ್ಮ. ಅಲ್ಲೇ ಸಂಸಾರ ಹೂಡು." ಅವಳು ಹೂಡಿದಳು. ಎದೆಯ ಮೇಲೆ ಯಾರೇ ಕೂರಲಿ, ಅವರ ಒಂದು ಕೈ, ಅದೇ ಪಕ್ಕದ ಒಂದು ಕಾಲು ಸಿಕ್ಕಿಸಿ, ಸೊಂಟ ಎತ್ತಿ ಒಂದೇ ಏಟಿಗೆ ಮಗುಚಿಬಿಡುವುದು ಅವಳ ಹೆಸರುವಾಸಿ ಪಟ್ಟು. ತೊಂಬತ್ತೆಂಟು ಕಿಲೊದ ಅಡೆರ್ಬಾಲನನ್ನು ಅವಳು ಮಗುಚುವುದನ್ನು ನೋಡೋಕೆ ಕೆಳಗಿನ ಪಂಕ್ಚರ್ ಅಂಗಡಿಯವನೂ ಪಾನೆ ಹಿಡಿದುಕೊಂಡೇ ಮೇಲೆ ಬರುತ್ತಿದ್ದ.

ಈ ಅಡೆರ್ಬಾಲ್ ಬಂದರಿನ ಹಮಾಲಿ. ದೋಣಿಯಿಂದ ಬಾಳೆಗೊನೆ ಹೊತ್ತು ದಡ ಹತ್ತುವವನು, ಅವಳಿಗಿಂತ ಐದು ವರ್ಷ ಚಿಕ್ಕವನು, ಅಕ್ಕಾ ಅಂತಲೇ ಕರೆಯುವವನು. ಆನೆಯಂಥ ಮೈ, ಹಸುವಿನಂಥ ಸ್ವಭಾವ. ಎಂಟು ವರ್ಷದ ಹಿಂದೆ ಅಭ್ಯಾಸ ಮಾಡುವಾಗ ಆಯ ತಪ್ಪಿ ಅವಳ ಮೇಲೆ ಬಿದ್ದು ಅವಳ ಎಡಗಡೆ ಕೊರಳೆಲುಬು ಮುರಿದಿದ್ದ. ಅಂದು ಅವಳಿಗಿಂತ ಜೋರಾಗಿ ಅತ್ತವನು ಅವನೇ. ಎಲುಬು ಕೂಡಿದ ಮೇಲೆ ಮೇಷ್ಟ್ರು ಬೇರೆ ಯಾವ ಗಂಡಸನ್ನೂ ಅವಳ ಮೇಲೆ ಬಿಡಲಿಲ್ಲ. ಅವಳ ಜೋಡಿ ಅಡೆರ್ಬಾಲ್ ಒಬ್ಬನೇ ಅಂತ ಆಯಿತು.

ಕಪ್ಪು ಪಟ್ಟಿಗೆ ಅಲ್ಲೊಂದು ಕಟ್ಟಳೆ ಇದೆ. ಪಟ್ಟಿ ಕಟ್ಟಿಸಿಕೊಳ್ಳುವವರು ಎಲ್ಲರೆದುರು ಅಂಗಾತ ಮಲಗಬೇಕು, ಶಾಲೆಯಲ್ಲಿ ಎಲ್ಲರಿಗಿಂತ ಭಾರದವರು ಎದೆಯ ಮೇಲೆ ಕೂರಬೇಕು. ಆರು ನಿಮಿಷ. ಅಷ್ಟರಲ್ಲಿ ಬಿಡಿಸಿಕೊಂಡು, ಮಗುಚಿ, ತಾವು ಮೇಲೆ ಬಂದರೆ ಪಟ್ಟಿ, ಇಲ್ಲದಿದ್ದರೆ ಇಲ್ಲ. ಲಿಂಡಾಲ್ವಾಳ ದಿನ ಡಿಸೆಂಬರಿನ ಎರಡನೇ ಶನಿವಾರ ಅಂತ ಗೊತ್ತಾಗಿತ್ತು. ಎಲ್ಲರಿಗಿಂತ ಭಾರದವನು ಅಡೆರ್ಬಾಲ್ ಅಂದಮೇಲೆ ಇನ್ನೇನು, ಪಟ್ಟಿ ಕೈಗೆ ಬಂದ ಹಾಗೇ ಅಂದುಕೊಂಡು ಜನ ಆಗಲೇ ಊಟದ ಮಾತಾಡುತ್ತಿದ್ದರು.

ಸೆಪ್ಟೆಂಬರ್ ಕೊನೆಯ ಒಂದು ಮಂಗಳವಾರ ಜಸಿಯಾರಾ ಮೊಣಕೈಗೆ ಬ್ಯಾಂಡೇಜು ಸುತ್ತಿಕೊಂಡು ಪಾಠಕ್ಕೆ ಬಂದಳು. ಬಸ್ ನಿಲ್ದಾಣದ ಹತ್ತಿರ ಕಾಫಿ ಮಾರುವವಳು, ಮೂವತ್ತರ ಹೆಂಗಸು, ಎರಡು ವರ್ಷದಿಂದ ಲಿಂಡಾಲ್ವಾಳ ಶಿಷ್ಯೆ.

"ಏನೇ ಇದು?"

"ಬಿದ್ದೆ, ಟೀಚರ್."

"ಚಾಪೆ ಮೇಲೆ ಬಿದ್ದೋರಿಗೆ ಹೀಗೆಲ್ಲ ತರಚಲ್ಲ. ಬಾಯಿಬಿಟ್ಟು ಹೇಳು."

ಜಸಿಯಾರಾ ಹೇಳಿದಳು. ಬೆಳಿಗ್ಗೆ ಅಂಗಡಿ ತೆಗೆಯುವಾಗ ಯಾರೋ ಅವಳ ಕೈಯಲ್ಲಿದ್ದ ಫೋನಿಗೆ ಕೈಹಾಕಿದ್ದ. ಇವಳು ಬಿಡಲಿಲ್ಲ. ಇಬ್ಬರೂ ಬಿದ್ದರು, ಅವನು ಎದೆಯ ಮೇಲೆ ಕೂತ.

"ನೀವು ಹೇಳಿಕೊಟ್ಟ ಹಾಗೇ ಮಾಡ್ದೆ. ಕೈ ಸಿಕ್ಕಿಸ್ದೆ, ಕಾಲು ಸಿಕ್ಕಿಸ್ದೆ, ಸೊಂಟ ಎತ್ತಿದೆ. ಅವನು ಅಲ್ಲಾಡ್ಲೇ ಇಲ್ಲ, ಟೀಚರ್."

"ಆಮೇಲೆ?"

"ಬಸ್ಸಿನೋರು ಕೂಗ್ಕೊಂಡು ಓಡಿ ಬಂದ್ರು ಅಂತ ಎದ್ದು ಓಡ್ದ. ಫೋನ್ ಹೋಯ್ತು. ಅವರು ಬರ್ದೇ ಇದ್ದಿದ್ರೆ ಏನಾಗ್ತಿತ್ತೋ ಗೊತ್ತಿಲ್ಲ."

"ತುಂಬಾ ದಪ್ಪ ಇದ್ನಾ?"

"ದಪ್ಪ ಏನಿಲ್ಲ. ನಮ್ಮ ಅಡೆರ್ಬಾಲಣ್ಣನ ಅರ್ಧ."

ಆಗ ಲಿಂಡಾಲ್ವಾ ಒಂದು ಕೆಟ್ಟ ಮಾತಾಡಿದಳು. ಕೆಟ್ಟದ್ದು ಅಂತಲೇ ಹೇಳುತ್ತೇನೆ, ಅವಳ ಮೇಲೆ ಎಷ್ಟೇ ಅಭಿಮಾನ ಇದ್ದರೂ. "ನೀನು ಸೊಂಟ ಸರಿಯಾಗಿ ಎತ್ತಿರಲ್ಲ," ಅಂದುಬಿಟ್ಟಳು. ಜಸಿಯಾರಾ ಹೋಗಿ ಸಾಲಿನ ಕೊನೆಗೆ ನಿಂತಳು.

ಅಂದಿನ ಪಾಠ ಮುಗಿದ ಮೇಲೆ ಗಂಡಸರು ಬಂದರು. ಎಂದಿನಂತೆ ಅಡೆರ್ಬಾಲ್ ಎದೆಯ ಮೇಲೆ ಕೂತ, ಎಂದಿನಂತೆ ಇವಳು ಮಗುಚಿದಳು. ಅವನು ಎದ್ದು ಪಟ್ಟಿ ಬಿಗಿದುಕೊಳ್ಳುವಾಗ ಅವಳ ಕಣ್ಣು ಅವನ ಚಲ್ಲಣದ ಮಂಡಿಗೆ ಬಿತ್ತು. ತೇಪೆಯ ಮೇಲೆ ತೇಪೆ, ಅದರ ಮೇಲೊಂದು ಗೋಣಿತಾಟಿನ ತೇಪೆ. ಪಕ್ಕದವರ ಮಂಡಿಗಳನ್ನೆಲ್ಲ ನೋಡಿದಳು. ಯಾರದ್ದೂ ಹಾಗೆ ಸವೆದಿರಲಿಲ್ಲ.

"ಇನ್ನೊಂದ್ಸಲ ಕೂತ್ಕೋ," ಅಂದಳು.

ಕೂತ. ಅವಳು ಪಟ್ಟು ಹಾಕಲಿಲ್ಲ. ಅವನ ಕುಂಡೆಗೂ ತನ್ನ ಹೊಟ್ಟೆಗೂ ನಡುವೆ ಅಂಗೈ ತೂರಿಸಿದಳು. ಅಂಗೈ ಆ ಕಡೆಯಿಂದ ಈ ಕಡೆಗೆ ಸಲೀಸಾಗಿ ಓಡಾಡಿತು. ತೊಂಬತ್ತೆಂಟು ಕಿಲೊ ಅಷ್ಟೂ ಅವನ ಮಂಡಿಯ ಮೇಲಿತ್ತು, ಇವಳ ಮೇಲೆ ಅವನ ಅಂಗಿಯ ಭಾರ ಬಿಟ್ಟರೆ ಏನೂ ಇರಲಿಲ್ಲ.

"ಅಡೆರ್ಬಾಲ್," ಅಂದಳು, ಮಲಗಿದ ಹಾಗೇ. "ಇಡೀ ಪೇಟೆಯಲ್ಲಿ ಯಾರೂ ನನಗೆ ತೂಕದಲ್ಲಿ ಮೋಸ ಮಾಡಿಲ್ಲ. ನೀನು ಮಾಡಿದ್ಯಲ್ಲೋ. ಎಷ್ಟು ದಿನದಿಂದ?"

ಅವನು ಮೇಷ್ಟ್ರ ಕಡೆ ನೋಡಿದ. ಎಪ್ಪತ್ತೊಂದರ ಮೇಷ್ಟ್ರು ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಫಿ ಹೀರುತ್ತಿದ್ದರು.

"ಅವರನ್ನೇನು ನೋಡ್ತೀಯಾ? ನನಗೆ ಹೇಳು."

"ಮೇಷ್ಟ್ರೇ ಹೇಳಿದ್ರು ಅಕ್ಕಾ. ನಿನ್ನ ಮೇಲೆ ಭಾರ ಹಾಕ್ಬೇಡ ಅಂತ."

"ಯಾವಾಗ ಹೇಳಿದ್ರು?"

"ನಿನ್ನ ಎಲುಬು ಮುರಿದಾಗ."

"ಅದಾಗಿ ಎಂಟು ವರ್ಷ ಆಯ್ತಲ್ಲೋ!"

"ಹಾಕು ಅಂತ ಮತ್ತೆ ಹೇಳ್ಲಿಲ್ವಲ್ಲ."

ಮೇಷ್ಟ್ರ ಕೈಯ ಲೋಟ ಅರ್ಧಕ್ಕೇ ನಿಂತಿತು. "ಲೋ, ದಡ್ಡ ಶಿಖಾಮಣಿ! ಅದು ಎಲುಬು ಕೂಡೋವರೆಗೆ, ಮೂರು ತಿಂಗಳಿಗೆ ಹೇಳಿದ್ದು ಕಣೋ!"

"ಮೂರು ತಿಂಗಳು ಅಂತ ನೀವು ಹೇಳ್ಲಿಲ್ಲ ಮೇಷ್ಟ್ರೇ."

ನಗಬೇಡಿ. ಆ ಶಾಲೆಯಲ್ಲಿ ನೀರು ಕುಡಿಯೋಕೆ ಚಾಪೆ ಬಿಟ್ಟು ಇಳಿಯಬೇಕಾದರೂ ಮೇಷ್ಟ್ರ ಅಪ್ಪಣೆ ಕೇಳುತ್ತಾರೆ. ನಿಲ್ಲು ಅಂದರೆ ನಿಲ್ಲುವುದು, ಕೂರು ಅಂದರೆ ಕೂರುವುದು. ಯಾಕೆ ಅಂತ ಕೇಳಿದವರು ಆ ಮೆಟ್ಟಿಲು ಹತ್ತಿದ್ದು ನನಗೆ ನೆನಪಿಲ್ಲ. ಅಡೆರ್ಬಾಲ್ ಎಂಟು ವರ್ಷ ಕೈಮುಗಿದು ಆ ಅಪ್ಪಣೆ ಪಾಲಿಸಿದ್ದ, ಚಲ್ಲಣದ ಮಂಡಿ ಹರಿದಾಗೆಲ್ಲ ತಾನೇ ಹೊಲಿದುಕೊಂಡಿದ್ದ. ಮೇಷ್ಟ್ರು ಮರೆತೇಬಿಟ್ಟಿದ್ದರು.

"ಈಗ ನಾನು ಹೇಳ್ತಿದೀನಿ. ಹಾಕು," ಅಂದಳು ಲಿಂಡಾಲ್ವಾ.

ಅವನು ಮತ್ತೆ ಮೇಷ್ಟ್ರನ್ನು ನೋಡಿದ. ಅವರು ತಲೆಯಾಡಿಸಿದರು. ಹಾಕಿದ.

ಅವಳ ಎದೆಯಲ್ಲಿದ್ದ ಗಾಳಿಯೆಲ್ಲ ಬಾಯಿಂದ ಹೊರಗೆ ಹೋಯಿತು, ವಾಪಸ್ ಬರಲಿಲ್ಲ. ಕೈ ಸಿಕ್ಕಿಸಿದಳು, ಕಾಲು ಸಿಕ್ಕಿಸಿದಳು, ಸೊಂಟ ಎತ್ತೋಣವೆಂದರೆ ಸೊಂಟ ಎಲ್ಲಿದೆ ಅಂತಲೇ ತಿಳಿಯಲಿಲ್ಲ. ಮುರಿದು ಕೂಡಿದ ಎಲುಬು ಚುಳ್ ಅಂತು. ಕಣ್ಣು ಕತ್ತಲಿಟ್ಟು ಪಟಪಟ ತಟ್ಟಿಬಿಟ್ಟಳು. ಎಂಟು ವರ್ಷದ ಹೆಸರು ನಾಲ್ಕು ಸೆಕೆಂಡಿನಲ್ಲಿ ಮಣ್ಣುಪಾಲಾಯಿತು. ಚಾಪೆಯ ಸುತ್ತ ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ.

ಮೇಷ್ಟ್ರು ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತರು. "ತಪ್ಪು ನಂದಮ್ಮ. ಡಿಸೆಂಬರ್ ಬೇಡ ಬಿಡು. ಮುಂದಿನ ವರ್ಷ ನೋಡೋಣ."

"ದಿನ ಬದಲಾಯಿಸ್ಬೇಡಿ," ಅಂದಳು, ಉಸಿರು ಸಿಕ್ಕ ಮೇಲೆ. "ಅಲ್ಲಿವರೆಗೆ ಹೆಂಗಸರ ಪಾಠ ನೀವು ನೋಡ್ಕೊಳ್ಳಿ. ಇವನ ಪೂರ್ತಿ ಭಾರದಡಿಯಿಂದ ನಾನು ಎದ್ದು ಬಂದ್ರೆ ಮತ್ತೆ ಪಾಠ ಹೇಳ್ತೀನಿ. ಬರ್ಲಿಲ್ವಾ, ಪಟ್ಟಿನೂ ಬೇಡ, ಪಾಠನೂ ಬೇಡ. ಬರದೇ ಇರೋದನ್ನ ಬರುತ್ತೆ ಅಂತ ಹೇಳಿಕೊಡೋದಕ್ಕಿಂತ ಮೀನು ಗೀರ್ಕೊಂಡಿರೋದು ಮೇಲು."

ಮರುದಿನ ಬೆಳಿಗ್ಗೆ ಮೊದಲು ಮಾಡಿದ ಕೆಲಸ ಅಂದರೆ ಜಸಿಯಾರಾಳ ಕಾಫಿ ಅಂಗಡಿಗೆ ಹೋಗಿದ್ದು.

"ನೀನು ಸೊಂಟ ಸರಿಯಾಗೇ ಎತ್ತಿದ್ದೆ ಕಣೇ. ತಪ್ಪು ನನ್ನದು," ಅಂದಳು, ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು.

ಜಸಿಯಾರಾ ಲೋಟ ಒರೆಸುವುದನ್ನು ನಿಲ್ಲಿಸಲಿಲ್ಲ. "ಹಾಗಾದ್ರೆ ನಾವು ಹದಿನಾಲ್ಕು ಜನ ಇಷ್ಟು ದಿನ ಕಲ್ತಿದ್ದೇನು, ಟೀಚರ್?"

"ಡಿಸೆಂಬರಿಗೆ ಬಾ," ಅಂದಳು ಲಿಂಡಾಲ್ವಾ. "ಎದುರಿಗೇ ಕೂತು ನೋಡು."

ಹತ್ತು ವಾರ ಇತ್ತು. ಮೊದಲ ವಾರ ಬರೀ ತಟ್ಟಿದ್ದೇ ತಟ್ಟಿದ್ದು. ಎರಡನೇ ವಾರವೂ ಅದೇ. ಮೈಯೆಲ್ಲ ಕಂದಿ ನೀಲಿಗಟ್ಟಿತು. ಅಡೆರ್ಬಾಲನದ್ದು ಇನ್ನೊಂದು ಕಷ್ಟ. ನದಿ ಇಳಿದಿತ್ತು, ದೋಣಿಗಳು ಬಲು ಕೆಳಗೆ ನಿಲ್ಲುತ್ತಿದ್ದವು. ದಿನವಿಡೀ ಗೊನೆ ಹೊತ್ತು ಆ ದಡ ಹತ್ತಿ ಬಂದು, ಸಂಜೆ ಇವಳ ಎದೆಯ ಮೇಲೆ ಕೂತು ಅಳುಮುಖ ಮಾಡುತ್ತಿದ್ದ.

"ಆವತ್ತು ಎಲುಬು ಮುರಿದ ಸದ್ದು ನನಗೆ ಇನ್ನೂ ಕೇಳುತ್ತೆ ಅಕ್ಕಾ. ನನ್ನ ಕೈಲಾಗಲ್ಲ."

"ನನಗೂ ಕೇಳುತ್ತೆ. ಕೇಳ್ಲಿ ಬಿಡು. ನೀನು ಭಾರ ಹಾಕು."

ಮೂರನೇ ವಾರ, ಹಲಗೆಯ ಮೇಲೆ ಜರಾಕಿ ಗೀರುತ್ತ ಗೀರುತ್ತ ಅವಳ ಕೈ ಗಕ್ಕನೆ ನಿಂತಿತು. ಮುಳ್ಳನ್ನು ಅವಳು ಒಂದೇ ಏಟಿಗೆ ತೆಗೆಯುತ್ತಿರಲಿಲ್ಲವಲ್ಲ. ಒಂದು ಗೀರು, ಅದರ ಪಕ್ಕ ಇನ್ನೊಂದು. ತೊಂಬತ್ತೆಂಟು ಕಿಲೊ ಎತ್ತಿ ಎಸೆಯುತ್ತೇನೆ ಅನ್ನೋದೇ ದಡ್ಡತನ. ಅವನು ಇದ್ದಲ್ಲೇ ಇರಲಿ, ತಾನು ಜರುಗಬೇಕು. ಗಿರಾಕಿ "ಏನಾಯ್ತಮ್ಮ?" ಅಂತ ಕೇಳಿದಾಗ, "ಬುದ್ಧಿ ಬಂತು, ತಡವಾಗಿ," ಅಂದಳು.

ಅಂದಿನಿಂದ ಮಗುಚುವ ಮಾತು ಬಿಟ್ಟಳು. ಮೊಣಕೈ ಪಕ್ಕೆಗೆ ಅಂಟಿಸಿ, ಅವನು ಉಸಿರು ಬಿಟ್ಟಾಗ ಸೊಂಟ ಒಂದು ಬೆರಳಷ್ಟು ಪಕ್ಕಕ್ಕೆ ಜಾರಿಸುವುದು. ಅವನು ಮತ್ತೆ ಒತ್ತಿದಾಗ ಸುಮ್ಮನಿರುವುದು. ಮತ್ತೆ ಒಂದು ಬೆರಳು. ಮೊಣಕೈಗೂ ಮಂಡಿಗೂ ಭೇಟಿಯಾದರೆ ಕಾಲು ಇಬ್ಬರ ಮೈಯ ನಡುವೆ ಒಳಗೆ ಬರುತ್ತದೆ, ಕಾಲು ಒಳಗೆ ಬಂದರೆ ಉಸಿರು ಬರುತ್ತದೆ. ಆರನೇ ವಾರ ಮೊದಲ ಸಲ ಕಾಲು ಒಳಗೆ ಬಂತು. ಅದಕ್ಕೆ ಹದಿಮೂರು ನಿಮಿಷ ಹಿಡಿದಿತ್ತು. ಒಂಬತ್ತನೇ ವಾರದ ಹೊತ್ತಿಗೆ ಏಳು ನಿಮಿಷಕ್ಕೆ ಇಳಿಯಿತು. ಅಲ್ಲಿಂದ ಕೆಳಗೆ ಇಳಿಯಲೇ ಇಲ್ಲ. ಶುಕ್ರವಾರ ಸಂಜೆಯೂ ಏಳೇ. ಇರುವುದು ಆರು.

ಶನಿವಾರ ತಗಡಿನ ಮೇಲೆ ಮಳೆ ಧೋ ಅಂತ ಸುರಿಯುತ್ತಿತ್ತು. ಪಟ್ಟಿಯ ಬಣ್ಣದ ಪ್ರಕಾರ ಎಲ್ಲರೂ ಗೋಡೆಗೆ ಸಾಲಾಗಿ ಕೂತಿದ್ದರು. ಹದಿನಾಲ್ಕು ಹೆಂಗಸರೂ ಬಂದಿದ್ದರು. ಜಸಿಯಾರಾ ಎಲ್ಲರಿಗಿಂತ ಮುಂದೆ, ಕೈಕಟ್ಟಿಕೊಂಡು. ಮೇಷ್ಟ್ರ ತೊಡೆಯ ಮೇಲೆ ಮಡಿಸಿದ ಕಪ್ಪು ಪಟ್ಟಿ. ಲಿಂಡಾಲ್ವಾ ಅದರ ಕಡೆ ನೋಡಲಿಲ್ಲ. ಮಲಗಿದಳು. ಅಡೆರ್ಬಾಲ್ ಕೂತ.

"ಶುರು," ಅಂದರು ಮೇಷ್ಟ್ರು.

ಮೊದಲ ನಿಮಿಷ ನೋಡುವವರಿಗೆ ಏನೂ ಕಾಣಲಿಲ್ಲ. ಕುತ್ತಿಗೆ ಕಾಯ್ದುಕೊಂಡು, ಮೊಣಕೈ ಬಿಗಿದುಕೊಂಡು ಬಿದ್ದಿದ್ದಳು. ಎರಡನೇ ನಿಮಿಷ ಅವಳ ಮೈಯೇ ಅವಳಿಗೆ ದ್ರೋಹ ಮಾಡಿತು. ಎಂಟು ವರ್ಷದ ರೂಢಿ ನೋಡಿ, ಅವನ ಕೈ ಸಿಕ್ಕಿದ್ದೇ ತಡ, ಸೊಂಟ ತಾನಾಗಿ ಮೇಲೆದ್ದಿತು. ಅವನು ಅಲ್ಲಾಡಲಿಲ್ಲ, ಎದ್ದ ಸೊಂಟದ ಸಂದಿನಲ್ಲೇ ಮುಂದಕ್ಕೆ ಜರುಗಿ ಅವಳ ಕಂಕುಳವರೆಗೂ ಬಂದು ಕೂತ. ಅದುವರೆಗೆ ಕಾಯ್ದುಕೊಂಡಿದ್ದ ಬೆರಳಷ್ಟು ಜಾಗವೂ ಹೋಯಿತು. ಸಾಲಿನಲ್ಲಿ ಯಾರೋ ಲೊಚಗುಟ್ಟಿದರು.

ಮೂರನೇ ನಿಮಿಷ ಗಾಳಿ ನಿಂತಿತು. ಕೊರಳೆಲುಬಿನ ಮೇಲೆ ಅವನ ಎದೆ, ಮುಖದ ಮೇಲೆ ಅವನ ಅಂಗಿಯ ಒರಟು ಅಂಚು. ಫ್ಯಾನು, ಮಳೆ, ಎಲ್ಲ ದೂರ ಹೋಯಿತು. ಅವಳ ಬಲಗೈ ಚಾಪೆಯಿಂದ ಮೇಲೆದ್ದಿತು. ತಟ್ಟುವ ಕೈ. ಎಲ್ಲರೂ ನೋಡಿದರು. ಅಡೆರ್ಬಾಲನೂ ನೋಡಿದ. ಅವನ ಭಾರ ಒಂದು ಕೂದಲೆಳೆಯಷ್ಟು ಹಗುರಾಯಿತು. ಸಾಲಿನಲ್ಲಿ ಯಾರಿಗೂ ಅದು ತಿಳಿಯಲಿಲ್ಲ, ಕೆಳಗಿದ್ದವಳಿಗೆ ತಿಳಿಯಿತು.

"ಬಿಟ್ರೆ," ಅಂದಳು ಹಲ್ಲು ಕಚ್ಚಿ, "ಜನ್ಮದಲ್ಲಿ ನಿನ್ನ ಮುಖ ನೋಡಲ್ಲ."

ಅವನ ಕಣ್ಣಲ್ಲಿ ನೀರು ಬಂತು. ಅವಳ ಕೆನ್ನೆಯ ಮೇಲೆ ಬಿದ್ದದ್ದು ಬೆವರೋ ಅದೋ ಗೊತ್ತಿಲ್ಲ. ಅವನು ಕಣ್ಣು ಮುಚ್ಚಿ ಭಾರವನ್ನೆಲ್ಲ ವಾಪಸ್ ಹಾಕಿದ. ಎತ್ತಿದ ಕೈಯನ್ನು ಅವಳು ಅವನ ತೊಡೆಗೂ ತನ್ನ ಪಕ್ಕೆಗೂ ನಡುವೆ ತುರುಕಿದಳು.

ನಾಲ್ಕನೇ ನಿಮಿಷ. ಅವನು ಉಸಿರು ಬಿಟ್ಟ, ಇವಳು ಒಂದು ಬೆರಳು ಜರುಗಿದಳು. ಅವನು ಒತ್ತಿದ, ಇವಳು ಸತ್ತವಳ ಹಾಗೆ ಬಿದ್ದಳು. ಮತ್ತೆ ಒಂದು ಬೆರಳು. ಮತ್ತೆ ಒಂದು. ಮೊಣಕೈ ಅವನ ತೊಡೆಯಡಿ ಇಳಿಯಿತು. ಮಂಡಿ ಮೇಲೆ ಬರುತ್ತಿದೆ, ಬರುತ್ತಿದೆ, ಸಿಕ್ಕಿಕೊಂಡಿತು.

"ಐದಾಯ್ತು," ಅಂದರು ಮೇಷ್ಟ್ರು.

ಗಾಬರಿಯಾಗಿ ಎಳೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಎಳೆಯಲಿಲ್ಲ. ಸೊಂಟವನ್ನೇ ಇನ್ನೊಂದು ಬೆರಳು ದೂರ ಒಯ್ದಳು, ಮಂಡಿ ತಾನಾಗಿ ಬಿಡಿಸಿಕೊಂಡು ಒಳಗೆ ಬಂತು. ಮೊಳಕಾಲು ಅವನ ಎದೆಗೆ ಅಡ್ಡ ನಿಂತಿತು. ಗಾಳಿ ಬಂತು! ಹೆಂಗಸರ ಸಾಲಿನಿಂದ "ಹಾ!" ಅಂತ ಒಂದು ಸದ್ದು. ಆದರೆ ಬಿಡಿಸಿಕೊಂಡರೆ ಸಾಲದು, ಮೇಲೆ ಬರಬೇಕು. ಇನ್ನು ಇಪ್ಪತ್ತು ಸೆಕೆಂಡು.

ಅಡೆರ್ಬಾಲ್ ಸೋಲುವ ಆಟ ಆಡಲಿಲ್ಲ. ಹೋದ ಜಾಗವನ್ನು ಮತ್ತೆ ಹಿಡಿಯಲು ಇಡೀ ಮೈ ಹಾಕಿ ಮುಂದಕ್ಕೆ ನುಗ್ಗಿದ. ಅವಳು ಅವನ ಬಲತೋಳಿನ ಅಂಗಿ ಹಿಡಿದು ತನ್ನ ಎದೆಗೆ ಅವಚಿಕೊಂಡಳು, ಆ ಕೈ ಊರಲು ನೆಲವಿಲ್ಲದ ಹಾಗೆ. ಪಾದವನ್ನು ಅವನ ತೊಡೆಯ ಒಳಗೆ ಕೊಟ್ಟು, ಅವನು ನುಗ್ಗಿದ ದಿಕ್ಕಿಗೇ ತಾನೂ ಉರುಳಿ ಕಾಲು ಎತ್ತಿದಳು. ಅವನ ಬಲವೇ ಅವನನ್ನು ಒಯ್ಯಿತು. ದೊಪ್ಪೆಂದು ಬಿದ್ದ ಸದ್ದಿಗೆ ಕೆಳಗಿನ ಪಂಕ್ಚರ್ ಅಂಗಡಿಯವನು "ಏನಾಯ್ತ್ರಪ್ಪಾ!" ಅಂತ ಕೂಗಿದ. ಲಿಂಡಾಲ್ವಾ ಅಡೆರ್ಬಾಲನ ಎದೆಯ ಮೇಲಿದ್ದಳು.

"ಸಾಕು," ಅಂದರು ಮೇಷ್ಟ್ರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರ ಮನಸ್ಸಿನಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಅದನ್ನು ಅವಳೇ ಕೇಳಿದಳು.

"ಬಿಟ್ಟುಕೊಟ್ಯೇನೋ?"

"ಒಂದು ಸಲ ಮನಸ್ಸು ಬಂತು, ನೀನು ಬೈದೆ," ಅಂದ ಅವನು ಏದುಸಿರು ಬಿಡುತ್ತ. "ಆಮೇಲೆ ಇಲ್ಲ. ನಿನ್ನಾಣೆ ಅಕ್ಕಾ."

ಅವಳ ಕೆನ್ನೆಯ ಮೇಲೆ, ಕೊರಳೆಲುಬಿನ ಮೇಲೆ ಅವನ ಅಂಗಿಯ ನೇಯ್ಗೆ ಎಳೆ ಎಳೆಯಾಗಿ ಕೆಂಪಗೆ ಅಚ್ಚೊತ್ತಿತ್ತು. ಆ ಹತ್ತು ವಾರದಲ್ಲಿ ಅವನ ಮಂಡಿಗೆ ಒಂದೇ ಒಂದು ಹೊಸ ತೇಪೆಯೂ ಬಿದ್ದಿರಲಿಲ್ಲ. ಜಸಿಯಾರಾ ಎರಡನ್ನೂ ನೋಡಿದಳು, ಕಟ್ಟಿದ ಕೈ ಬಿಚ್ಚಿದಳು. ಆಗ ಚಪ್ಪಾಳೆಗೆ, ಕೇಕೆಗೆ ಹಾರಿತು ನೋಡಿ ಸೂರು!

ಮೇಷ್ಟ್ರು ಪಟ್ಟಿ ಕಟ್ಟಿದರು. ಗಂಟು ಎರಡು ಸಲ ತಪ್ಪಿತು. ಪಟ್ಟಿ ಕಟ್ಟಿಸಿಕೊಂಡವರು ಎಲ್ಲರಿಗೂ ವಂದಿಸಿ ನಾಲ್ಕು ಮಾತಾಡುವುದು ಪದ್ಧತಿ. ಲಿಂಡಾಲ್ವಾ ಮಾತ್ರ ಸಾಲಿನ ಕಡೆ ತಿರುಗಿ, "ಬಾರೇ ಜಸಿಯಾರಾ. ಮಲಗು," ಅಂದಳು.

ಜಸಿಯಾರಾ ಬಂದು ಮಲಗಿದಳು. ಮೊಣಕೈಯ ಗಾಯ ಮಾಸಿ ಕಲೆ ಉಳಿದಿತ್ತು. ಅಡೆರ್ಬಾಲ್ ಅವಳ ಮೇಲೆ ಮಂಡಿಯೂರಿ ಕೂತು, ರೂಢಿಯಂತೆ ಮೇಷ್ಟ್ರ ಮುಖ ನೋಡಿದ.

"ನನ್ನ ಕೇಳ್ಬೇಡಪ್ಪ. ನಾನು ಹೇಳ್ತೀನಿ, ಮರೀತೀನಿ," ಅಂದರು ಅವರು.

ಅವನು ಲಿಂಡಾಲ್ವಾಳ ಕಡೆ ತಿರುಗಿದ. "ಹಾಕ್ಲಾ ಅಕ್ಕಾ?"

"ನನ್ನನ್ನೂ ಕೇಳ್ಬೇಡ. ಕೆಳಗಿರೋಳನ್ನ ಕೇಳು."

"ಹಾಕಣ್ಣ," ಅಂದಳು ಜಸಿಯಾರಾ. "ಪೂರ್ತಿ ಹಾಕು."

ಹೊಸ ಪಟ್ಟಿಯ ತುದಿ ಚಾಪೆಗೆ ತಾಗುವಂತೆ ಲಿಂಡಾಲ್ವಾ ಪಕ್ಕದಲ್ಲಿ ಮಂಡಿಯೂರಿದಳು. ಅವನ ಮೈಗೂ ಜಸಿಯಾರಾಳ ಹೊಟ್ಟೆಗೂ ನಡುವೆ ಅಂಗೈ ತೂರಿಸಲು ನೋಡಿದಳು. ಬೆರಳ ತುದಿಯೂ ಒಳಗೆ ಹೋಗಲಿಲ್ಲ.

"ಸರಿ," ಅಂದಳು. "ಈಗ ಮೊದಲಿಂದ ಕಲಿಯೋಣ."